ಮದುವೆಗೆ ಉಣ್ಣೆಯ ಮೊಗ್ಗಿನ ಜಡೆ: ಫೆಲ್ಟಿಂಗ್‌ನ ಸಮಗ್ರ ಮಾರ್ಗದರ್ಶಿ

ಹಿಂದಿನ ಸಂಜೆಯ ಆರತಕ್ಷತೆಗೆ ಮುಡಿದ ಮೊಗ್ಗಿನ ಜಡೆ ಮರುದಿನ ಬೆಳಗಿನ ಮುಹೂರ್ತಕ್ಕೆ ಉಳಿಯುವುದಿಲ್ಲ. ಮಲ್ಲಿಗೆಯ ಮೊಗ್ಗು ರಾತ್ರಿಯಲ್ಲೇ ಅರಳಿ, ಬೆಳಗಾಗುವಷ್ಟರಲ್ಲಿ ಅಂಚು ಕಂದಿ ಬಾಡಿರುತ್ತದೆ. ಹಾಗಾಗಿ ಎರಡು ದಿನದ ಮದುವೆಗೆ ಎರಡು ಜಡೆ ಕಟ್ಟಿಸಬೇಕಾಗುತ್ತದೆ. ಮೈಸೂರು, ಉಡುಪಿ, ಹಡಗಲಿಗಳಂತಹ ಮಲ್ಲಿಗೆಯ ಸೀಮೆಯಲ್ಲಿ ಇದು ಖರ್ಚಿನ ಮಾತು ಮಾತ್ರ. ಚಳಿಗಾಲದ ಲಂಡನ್ನಿನಲ್ಲೋ ಟೊರಾಂಟೊದಲ್ಲೋ ಮದುವೆ ಇಟ್ಟುಕೊಂಡ ಕನ್ನಡಿಗರ ಮನೆಗೆ ಇನ್ನೂರು ತಾಜಾ ಮೊಗ್ಗು ಒದಗಿಸುವುದು ಬೇರೆಯೇ ಕಷ್ಟ. ಉಣ್ಣೆಯಿಂದ ಮಾಡಿದ ಮೊಗ್ಗಿನ ಜಡೆ ಈ ಎರಡೂ ಕಡೆ ಉಪಯೋಗಕ್ಕೆ ಬರುತ್ತದೆ: ತೂಕ ಕಡಿಮೆ, ಬಾಡುವುದಿಲ್ಲ, ಒದ್ದೆಯಾಗಿ ಬೆನ್ನಿಗೆ ಅಂಟುವುದಿಲ್ಲ, ಮದುವೆಯ ನಂತರವೂ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಬಹುದು. ಪರಿಮಳ ಮಾತ್ರ ಇರುವುದಿಲ್ಲ. ಅದು ಬೇಕೆಂದವರು ಜಡೆಯ ಮೇಲ್ಭಾಗದಲ್ಲಿ ಒಂದು ಮೊಳ ನಿಜವಾದ ಹೂವನ್ನು ಮುಡಿಯಬಹುದು.

ಮದುವೆಗೂ ಉಣ್ಣೆಗೂ ಏನು ಸಂಬಂಧ ಎಂದು ಮನೆಯ ಹಿರಿಯರು ಕೇಳಿದರೆ ಉತ್ತರ ನಮ್ಮಲ್ಲಿಯೇ ಇದೆ. ಮದುವೆಯಲ್ಲಿ ಕೈಗೆ ಕಟ್ಟುವ ಕಂಕಣದ ದಾರ ಹತ್ತಿಯದೋ ಉಣ್ಣೆಯದೋ ಎಂಬುದರಿಂದಲೇ ಕುರುಬ ಸಮುದಾಯದಲ್ಲಿ ಹತ್ತಿಕಂಕಣ, ಉಣ್ಣೆಕಂಕಣ ಎಂಬ ಒಳಪಂಗಡಗಳಿಗೆ ಹೆಸರು ಬಂದಿದೆ. ಮಡಿಗೆ ಧಾಬಳಿ ಉಡುವ ಮನೆಗಳಲ್ಲಿಯೂ ಉಣ್ಣೆಯನ್ನು ರೇಷ್ಮೆಯಂತೆಯೇ ಶುದ್ಧವೆಂದು ಎಣಿಸುತ್ತಾರೆ. ಆದ್ದರಿಂದ ವಸ್ತು ಹೊಸದಲ್ಲ, ವಿಧಾನವಷ್ಟೇ ಹೊಸದು. ನಮ್ಮ ಕಂಬಳಿ ನೂತು ನೇಯ್ದದ್ದು. ಫೆಲ್ಟ್ ಎಂಬುದು ನೂಲದೆ, ನೇಯದೆ, ಉಣ್ಣೆಯ ಎಳೆಗಳನ್ನೇ ಒಂದಕ್ಕೊಂದು ಸಿಕ್ಕಿಸಿ ಬಿಗಿಗೊಳಿಸಿದ್ದು. ಕಾಶ್ಮೀರದಲ್ಲಿಯೂ ರಾಜಸ್ಥಾನದ ಟೋಂಕ್‌ನಲ್ಲಿಯೂ ತಯಾರಾಗುವ ನಮ್ದಾ ಹಾಸುಗಳು ಈ ಬಗೆಯವು.

ಇಲ್ಲಿ ಮೊಗ್ಗಿನ ಜಡೆಯನ್ನು ವಿವರವಾಗಿಯೂ, ಅದೇ ಕೈಚಳಕದಿಂದ ಮಾಡಬಹುದಾದ ಕೋಟಿನ ಹೂವು, ಕಂಕಣದ ಹುರಿ, ತಾಂಬೂಲದ ಚೀಲಗಳನ್ನು ಚುಟುಕಾಗಿಯೂ ತಿಳಿಸಲಾಗಿದೆ. ಜಡೆ ಒಲಿದವರಿಗೆ ಉಳಿದವು ಕಷ್ಟವಾಗುವುದಿಲ್ಲ.

ಉಣ್ಣೆ ಬಿಗಿಯುವುದು ಹೇಗೆ

ಉಣ್ಣೆಯ ಪ್ರತಿಯೊಂದು ಎಳೆಯ ಮೈಮೇಲೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳಿವೆ, ಮತ್ತು ಅವೆಲ್ಲವೂ ಬುಡದಿಂದ ತುದಿಯ ಕಡೆಗೆ ಮುಖ ಮಾಡಿರುತ್ತವೆ. ಬಿಸಿನೀರು ಮತ್ತು ಸೋಪಿನ ಕ್ಷಾರ ಸೇರಿ ಎಳೆಯನ್ನು ಉಬ್ಬಿಸಿ ಈ ಹುರುಪೆಗಳನ್ನು ಎಬ್ಬಿಸುತ್ತವೆ. ಸೋಪಿನ ಜಾರಿಕೆಯಿಂದಾಗಿ ಎಳೆಗಳು ಕೈಯ ಒತ್ತಡಕ್ಕೆ ಅತ್ತಿತ್ತ ಸರಿಯುತ್ತವೆ. ಆದರೆ ಹುರುಪೆಗಳು ಅಡ್ಡ ಬರುವುದರಿಂದ ಪ್ರತಿ ಎಳೆಯೂ ತನ್ನ ಬುಡದ ದಿಕ್ಕಿಗೆ ಮಾತ್ರ ಸುಲಭವಾಗಿ ಸರಿಯಬಲ್ಲದು, ಹಿಂದಕ್ಕೆ ಬರಲಾರದು. ಹೀಗೆ ಸಾವಿರಾರು ಎಳೆಗಳು ಒಂದರೊಳಗೊಂದು ನುಗ್ಗಿ ಸಿಕ್ಕಿಕೊಂಡಾಗ ಇಡೀ ಹಾಳೆ ಕುಗ್ಗಿ ಗಟ್ಟಿಯಾಗುತ್ತದೆ. ತಣ್ಣೀರಿನಲ್ಲಿ, ಸೋಪಿಲ್ಲದೆ, ಅಲುಗಾಡಿಸದೆ ಇಟ್ಟ ಉಣ್ಣೆ ಎಷ್ಟು ಹೊತ್ತಾದರೂ ಬಿಗಿಯುವುದಿಲ್ಲ.

ಒಣ ವಿಧಾನದಲ್ಲಿ ಇದೇ ಕೆಲಸವನ್ನು ಸೂಜಿ ಮಾಡುತ್ತದೆ. ಫೆಲ್ಟಿಂಗ್ ಸೂಜಿಯ ಅಂಚಿನಲ್ಲಿ ಸಣ್ಣ ಕಚ್ಚುಗಳಿರುತ್ತವೆ. ಚುಚ್ಚಿದಾಗಲೆಲ್ಲ ಅವು ಮೇಲಿನ ಎಳೆಗಳನ್ನು ಒಳಕ್ಕೆ ಎಳೆದೊಯ್ಯುತ್ತವೆ, ಹೊರಬರುವಾಗ ಅಲ್ಲಿಯೇ ಬಿಟ್ಟು ಬರುತ್ತವೆ. ನೀರಿನಿಂದ ಮಾಡಿದ್ದು ನಯವಾಗಿ, ಬಾಳಿಕೆಯುಳ್ಳದ್ದಾಗಿ ಬರುತ್ತದೆ. ಸೂಜಿಯಿಂದ ಮಾಡಿದ್ದರಲ್ಲಿ ಆಕಾರದ ಮೇಲೆ ಹಿಡಿತ ಹೆಚ್ಚು. ಮೊಗ್ಗಿಗೆ ಎರಡೂ ಬೇಕು.

ಈ ಕ್ರಿಯೆಯನ್ನು ಹಿಂದಕ್ಕೆ ತಿರುಗಿಸಲಾಗದು. ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಹೆಣಿಗೆ ತಪ್ಪಿದರೆ ಎಳೆದು ಮತ್ತೆ ಹೆಣೆಯಬಹುದು. ಹೆಚ್ಚು ಕುಗ್ಗಿದ ಫೆಲ್ಟನ್ನು ಏನು ಮಾಡಿದರೂ ಮೊದಲಿನ ಅಳತೆಗೆ ತರಲಾಗುವುದಿಲ್ಲ. ಮದುವೆಯ ದಿನಾಂಕ ಮುಂದೆ ಹೋಗುವಂತಹುದಲ್ಲವಾದ್ದರಿಂದ, ಮುಂದೆ ಹೇಳುವ ಮಾದರಿ ತುಂಡಿನ ಹಂತವನ್ನು ದಯವಿಟ್ಟು ಬಿಡಬೇಡಿ.

ಯಾವ ಉಣ್ಣೆ, ಎಷ್ಟು, ಯಾವ ಸಲಕರಣೆ

ಮೊಗ್ಗಿಗೂ ಹೂವಿಗೂ ಮೆರಿನೊ ಕುರಿಯ ಉಣ್ಣೆ ಒಳ್ಳೆಯದು. ಅದರ ಎಳೆಯ ದಪ್ಪ ಸುಮಾರು 18ರಿಂದ 23 ಮೈಕ್ರಾನ್. ಬೇಗ ಬಿಗಿಯುತ್ತದೆ, ಮೇಲ್ಮೈ ನಯವಾಗಿ ಬರುತ್ತದೆ. ನಮ್ಮ ಡೆಕ್ಕನಿ ಕುರಿಯ ಉಣ್ಣೆ ಇದಕ್ಕಿಂತ ಬಹಳ ಒರಟು, ಬಹುಪಾಲು ಕಪ್ಪು ಅಥವಾ ಬೂದು ಬಣ್ಣದ್ದು, ನಡುನಡುವೆ ಬಣ್ಣ ಹಿಡಿಯದ ಗಡುಸು ಕೂದಲೂ ಇರುತ್ತದೆ. ಅದರಿಂದ ಮಲ್ಲಿಗೆ ಮಾಡುವ ಹಟ ಬೇಡ. ಆದರೆ ಕಂಕಣದ ಹುರಿಗೆ, ಚೀಲದ ಹೊರಮೈಗೆ ಆ ಕಪ್ಪು ಎಷ್ಟು ಚೆನ್ನಾಗಿ ಕಾಣುತ್ತದೆಂದರೆ, ಬಣ್ಣ ಹಾಕಿದ ಕಪ್ಪು ಮೆರಿನೊ ಅದರ ಮುಂದೆ ಸಪ್ಪೆಯೆನಿಸುತ್ತದೆ. ಕಂಬಳಿ ನೇಯುವವರಲ್ಲಿ ಕೇಳಿ ಪಡೆದು, ತೊಳೆದು, ಹಿಂಜಿ ಬಳಸಬಹುದು.

ಕೊಳ್ಳುವಾಗ ನೂಲಲ್ಲ, ಬಾಚಿದ ಹಂಜಿ (ಬಾಚಿ ಸಡಿಲ ಪಟ್ಟಿಯಾಗಿಸಿದ, ಇನ್ನೂ ನೂಲದ ಉಣ್ಣೆ) ಬೇಕೆಂದು ಸ್ಪಷ್ಟವಾಗಿ ಹೇಳಬೇಕು. ‘ಸೂಪರ್‌ವಾಶ್’ ಎಂದು ಬರೆದಿರುವ ಉಣ್ಣೆಯನ್ನು ಮುಟ್ಟಬೇಡಿ. ತೊಳೆಯುವಾಗ ಕುಗ್ಗದಿರಲೆಂದು ಅದರ ಹುರುಪೆಗಳನ್ನೇ ರಾಸಾಯನಿಕವಾಗಿ ಸವೆಸಿ ಲೇಪನ ಕೊಟ್ಟಿರುತ್ತಾರೆ, ಆದ್ದರಿಂದ ಅದು ಬಿಗಿಯುವುದಿಲ್ಲ. ಉಣ್ಣೆಯೆಂದು ಹೇಳಿ ಅಕ್ರಿಲಿಕ್ ಮಾರುವುದೂ ಉಂಟು. ಅನುಮಾನ ಬಂದರೆ ಒಂದು ಎಳೆಯನ್ನು ಸುಟ್ಟು ನೋಡಿ: ಉಣ್ಣೆ ಕೂದಲು ಸುಟ್ಟ ವಾಸನೆ ಕೊಟ್ಟು, ಬೆಂಕಿಯಿಂದ ತೆಗೆದೊಡನೆ ತಾನಾಗಿ ಆರಿ, ಬೆರಳಿನಲ್ಲಿ ಪುಡಿಯಾಗುವ ಬೂದಿ ಬಿಡುತ್ತದೆ, ಅಕ್ರಿಲಿಕ್ ಕರಗಿ ಗಟ್ಟಿ ಗುಂಡಾಗುತ್ತದೆ.

ಒಂದು ಜಡೆ, ಎರಡು ಕೋಟಿನ ಹೂವು, ಎರಡು ಕಂಕಣದ ಹುರಿ, ಎರಡು ಚೀಲಗಳಿಗೆ 100 ಗ್ರಾಂ ಬಿಳಿ, 30 ಗ್ರಾಂ ಕನಕಾಂಬರದ ಬಣ್ಣ, 25 ಗ್ರಾಂ ಹಸಿರು ಮತ್ತು ಚೀಲಕ್ಕೆ ನಿಮಗಿಷ್ಟವಾದ ಬಣ್ಣ 50 ಗ್ರಾಂ ಇದ್ದರೆ ಸಾಕು. ಬಿಳಿಯಲ್ಲಿ ಬ್ಲೀಚ್ ಮಾಡಿದ ಅಚ್ಚ ಬಿಳುಪಿಗಿಂತ ಸಹಜವಾದ ಹಾಲುಬಿಳುಪನ್ನೇ ಆರಿಸಿ. ಮೊಗ್ಗಿನ ಬಣ್ಣಕ್ಕೆ ಅದೇ ಹತ್ತಿರ.

ಸಲಕರಣೆಗಳು ಹೆಚ್ಚಿಲ್ಲ. 38 ಮತ್ತು 40 ಗೇಜಿನ ಫೆಲ್ಟಿಂಗ್ ಸೂಜಿಗಳು ತಲಾ ನಾಲ್ಕೈದು (ಸಂಖ್ಯೆ ಹೆಚ್ಚಾದಷ್ಟೂ ಸೂಜಿ ತೆಳು), 5 ಸೆಂ.ಮೀ. ದಪ್ಪದ ಫೋಮ್ ತುಂಡು, ಗುಳ್ಳೆಗಳಿರುವ ಪ್ಯಾಕಿಂಗ್ ಪ್ಲಾಸ್ಟಿಕ್, ಹಳೆಯ ಸೊಳ್ಳೆಪರದೆಯ ಒಂದು ತುಂಡು, ಸಣ್ಣ ಬಿದಿರಿನ ಚಾಪೆ, ಲಟ್ಟಣಿಗೆ ಅಥವಾ ಪಿವಿಸಿ ಪೈಪಿನ ತುಂಡು, ಅಡುಗೆಮನೆಯ ಡಿಜಿಟಲ್ ತಕ್ಕಡಿ, ಎರಡು ಟವೆಲ್, ವಿನೆಗರ್. ಸೋಪು ಸಾಧಾರಣ ಬಾರ್ ಸೋಪಾದರೂ ಆದೀತು. ತುರಿದು ಬಿಸಿನೀರಿನಲ್ಲಿ ಕರಗಿಸಿಕೊಳ್ಳಬೇಕು. ಅಂಟುವಾಳದ ನೀರು ಉಣ್ಣೆ ತೊಳೆಯಲು ಬಹಳ ಒಳ್ಳೆಯದಾದರೂ ಈ ಕೆಲಸಕ್ಕೆ ಒದಗುವುದಿಲ್ಲ, ಏಕೆಂದರೆ ಇಲ್ಲಿ ಕ್ಷಾರವೇ ಬೇಕು. ಬೋರ್‌ವೆಲ್ ನೀರು ಗಡಸಾಗಿದ್ದರೆ ಸೋಪು ನೊರೆಯಾಗದೆ ಬೂದು ಕೆನೆಯಾಗಿ ಬಿಳಿ ಉಣ್ಣೆಗೆ ಅಂಟಿಕೊಳ್ಳುತ್ತದೆ. ಮಳೆನೀರನ್ನೋ ಫಿಲ್ಟರ್ ನೀರನ್ನೋ ಬಳಸಿ.

ಮೊದಲು ಮಾದರಿ ತುಂಡು

ಕೆಲಸವನ್ನು ಮದುವೆಗೆ ಆರು ವಾರ ಮೊದಲು ಆರಂಭಿಸುವುದು ಕ್ಷೇಮ. ಮಲೆನಾಡು, ಕರಾವಳಿಗಳ ಶ್ರಾವಣದ ಮದುವೆಯಾದರೆ ಎಂಟು ವಾರ ಇರಲಿ, ಏಕೆಂದರೆ ಆ ಹವೆಯಲ್ಲಿ ಉಣ್ಣೆ ಒಣಗುವುದಕ್ಕೇ ದಿನಗಟ್ಟಲೆ ಬೇಕು. ಆರಂಭ ಯಾವಾಗಲೂ ಮಾದರಿ ತುಂಡಿನಿಂದ.

ಗುಳ್ಳೆ ಪ್ಲಾಸ್ಟಿಕ್ಕಿನ ಮೇಲೆ ಸರಿಯಾಗಿ 20 ಸೆಂ.ಮೀ. ಉದ್ದಗಲದ ಚೌಕ ಗುರುತು ಹಾಕಿಕೊಳ್ಳಿ. 6 ಗ್ರಾಂ ಹಂಜಿಯನ್ನು ತೂಗಿ ಎರಡು ಪಾಲು ಮಾಡಿ. ಹಂಜಿಯನ್ನು ಕತ್ತರಿಸಬಾರದು, ಎರಡು ಕೈಗಳ ನಡುವೆ ಒಂದು ಗೇಣು ಅಂತರವಿಟ್ಟು ಮೆಲ್ಲನೆ ಎಳೆದರೆ ತುದಿಯಿಂದ ತೆಳ್ಳಗಿನ ಎಸಳು ಬಿಡಿಸಿಕೊಂಡು ಬರುತ್ತದೆ. ಕೈಗಳು ತೀರ ಹತ್ತಿರವಿದ್ದರೆ ಎಷ್ಟೇ ಎಳೆದರೂ ಬಾರದು. ಈ ಎಸಳುಗಳನ್ನು ಮೊದಲ ಪಾಲಿನಲ್ಲಿ ಉದ್ದಕ್ಕೂ, ಎರಡನೆಯ ಪಾಲಿನಲ್ಲಿ ಅಡ್ಡಕ್ಕೂ, ಒಂದರ ಅಂಚು ಇನ್ನೊಂದರ ಮೇಲೆ ಸ್ವಲ್ಪ ಕೂರುವಂತೆ ಹರಡಬೇಕು. ಬೆಳಕಿಗೆ ಹಿಡಿದರೆ ಎಲ್ಲಿಯೂ ಕಿಂಡಿ ಕಾಣಬಾರದು.

ಮೇಲೆ ಸೊಳ್ಳೆಪರದೆ ಹೊದಿಸಿ, ಕೈಗೆ ಹಿತವೆನಿಸುವಷ್ಟು ಬಿಸಿಯಾದ (ಸುಮಾರು 45ರಿಂದ 50 ಡಿಗ್ರಿ ಸೆಲ್ಸಿಯಸ್) ಸೋಪಿನ ನೀರನ್ನು ಚಿಮುಕಿಸಿ, ಅಂಗೈಯಿಂದ ಒತ್ತಿ ಒಳಗಿನ ಗಾಳಿಯನ್ನೆಲ್ಲ ಹೊರಡಿಸಿ. ನಂತರ ಪರದೆಯ ಮೇಲೆಯೇ ಐದು ನಿಮಿಷ ಹಗುರವಾಗಿ, ಇನ್ನೈದು ನಿಮಿಷ ಸ್ವಲ್ಪ ಒತ್ತಿ, ಸುತ್ತು ಸುತ್ತಾಗಿ ಉಜ್ಜಬೇಕು. ಪರದೆಯನ್ನು ಆಗಾಗ ಎತ್ತಿ ಬಿಡದಿದ್ದರೆ ಅದೂ ಉಣ್ಣೆಯೊಳಗೆ ಸೇರಿಕೊಂಡೀತು. ಈಗ ಎರಡು ಬೆರಳಿನಿಂದ ಮೇಲ್ಮೈಯನ್ನು ಚಿವುಟಿ ಎತ್ತಿ ನೋಡಿ: ಬಿಡಿ ಎಳೆಗಳು ಎದ್ದು ಬಂದರೆ ಇನ್ನೂ ಉಜ್ಜಬೇಕು, ಇಡೀ ಹಾಳೆಯೇ ಎದ್ದು ಬಂದರೆ ಅರೆಫೆಲ್ಟ್ ಸಿದ್ಧವಾಗಿದೆ ಎಂದರ್ಥ.

ಅರೆಫೆಲ್ಟನ್ನು ಪ್ಲಾಸ್ಟಿಕ್ಕಿನ ಸಮೇತ ಲಟ್ಟಣಿಗೆಗೆ ಸುತ್ತಿ, ಟವೆಲ್ಲಿನ ಮೇಲೆ ನೂರು ಬಾರಿ ಹಿಂದಕ್ಕೂ ಮುಂದಕ್ಕೂ ಉರುಳಿಸಿ. ಬಿಚ್ಚಿ, ಕಾಲು ಸುತ್ತು ತಿರುಗಿಸಿ, ಮತ್ತೆ ನೂರು. ಹೀಗೆ ನಾಲ್ಕು ದಿಕ್ಕಿಗೂ ಆಗಬೇಕು. ಯಾವ ದಿಕ್ಕಿಗೆ ಉರುಳಿಸುತ್ತೇವೋ ಆ ದಿಕ್ಕಿನಲ್ಲಿಯೇ ಅದು ಹೆಚ್ಚು ಕುಗ್ಗುತ್ತದೆ, ಇದನ್ನು ನೆನಪಿಡಿ. ಉದ್ದ ಸರಿಯಾಗಿ ಅಗಲ ಮಾತ್ರ ಹೆಚ್ಚಿದ್ದರೆ ಅಗಲದ ದಿಕ್ಕಿಗೆ ಮಾತ್ರ ಉರುಳಿಸಿ ಸರಿಪಡಿಸಬಹುದು. ಕೊನೆಗೆ ತಣ್ಣೀರಿನಲ್ಲಿ ಸೋಪು ಹೋಗುವವರೆಗೆ ಜಾಲಿಸಿ, ಲೀಟರಿಗೆ ಒಂದು ಚಮಚ ವಿನೆಗರ್ ಬೆರೆಸಿದ ನೀರಿನಲ್ಲಿ ಐದು ನಿಮಿಷ ಇಟ್ಟು, ಹಿಂಡದೆ ಟವೆಲ್ಲಿನಲ್ಲಿ ಒತ್ತಿ ಒಣಗಿಸಿ. ಕ್ಷಾರ ಉಳಿದರೆ ಉಣ್ಣೆ ಕಾಲಕ್ರಮದಲ್ಲಿ ಹಳದಿಗೆ ತಿರುಗಿ ಪೆಡಸಾಗುತ್ತದೆ; ವಿನೆಗರ್ ಅದನ್ನು ತಡೆಯಲು.

ಒಣಗಿದ ಚೌಕವನ್ನು ಅಳೆಯಿರಿ. 20 ಇದ್ದದ್ದು 13 ಆಗಿದ್ದರೆ ನಿಮ್ಮ ಗುಣಕ 0.65. ಇನ್ನು ಮುಂದೆ ಬೇಕಾದ ಪ್ರತಿ ಅಳತೆಯನ್ನೂ 0.65ರಿಂದ ಭಾಗಿಸಿದರೆ ಹರಡಬೇಕಾದ ಅಳತೆ ಸಿಗುತ್ತದೆ: 55 ಸೆಂ.ಮೀ. ಉದ್ದದ ಪಟ್ಟಿ ಬೇಕಾದರೆ 85 ಸೆಂ.ಮೀ. ಹರಡಬೇಕು. ನಿಮ್ಮ ಕೈಯ ಒತ್ತಡ, ನಿಮ್ಮ ಊರಿನ ನೀರು, ನೀವು ಕೊಂಡ ಉಣ್ಣೆ ಇವು ಮೂರೂ ಸೇರಿ ಈ ಗುಣಕವನ್ನು ನಿರ್ಧರಿಸುವುದರಿಂದ, ಇನ್ನೊಬ್ಬರು ಹೇಳಿದ ಸಂಖ್ಯೆಯನ್ನು (ಇಲ್ಲಿ ಬರೆದಿರುವುದನ್ನೂ ಸೇರಿಸಿ) ನಂಬಬಾರದು.

ಬಣ್ಣದ ಕುರಿತು ಎರಡು ಮಾತು

ಬಣ್ಣ ಹಾಕಿದ ಹಂಜಿಯನ್ನೇ ಕೊಳ್ಳುವುದು ಸುಲಭ. ಮನೆಯಲ್ಲಿಯೇ ಹಾಕುವವರು ಮಂಜಿಷ್ಠದಿಂದ ಕೆಂಪು ಮತ್ತು ಕಿತ್ತಳೆ, ದಾಳಿಂಬೆ ಸಿಪ್ಪೆಯಿಂದ ಹಳದಿ ಪಡೆಯಬಹುದು. 100 ಗ್ರಾಂ ಉಣ್ಣೆಗೆ ಸುಮಾರು 12 ಗ್ರಾಂ ಪಟಿಕವನ್ನು ನೀರಿನಲ್ಲಿ ಕರಗಿಸಿ, ಉಣ್ಣೆಯನ್ನು ಅದರಲ್ಲಿ ಒಂದು ಗಂಟೆ ಬಿಸಿ ಮಾಡಿ, ನಂತರ ಬಣ್ಣದ ನೀರಿಗೆ ಹಾಕಬೇಕು. ನೀರು ಕುದಿಯಬಾರದು, ಉಣ್ಣೆಯನ್ನು ಕಲಕಬಾರದು, ಬಿಸಿಯಿಂದ ನೇರ ತಣ್ಣೀರಿಗೆ ಎತ್ತಿ ಹಾಕಲೂಬಾರದು. ಮಾಡಿದರೆ ಪಾತ್ರೆಯಲ್ಲಿಯೇ ಗಂಟುಕಟ್ಟುತ್ತದೆ.

ಅರಿಶಿನ ಮಾತ್ರ ಬೇಡ. ಅದು ಬಿಸಿಲಿಗೆ ಮಾಸುತ್ತದೆ ಎಂಬುದಕ್ಕಿಂತ ದೊಡ್ಡ ತೊಂದರೆಯೆಂದರೆ, ಸೋಪಿನ ಕ್ಷಾರ ತಗುಲಿದೊಡನೆ ಹಳದಿ ಹೋಗಿ ಕೆಂಪಾಗುತ್ತದೆ. ಓಕುಳಿಯ ನೀರಿಗೆ ಅರಿಶಿನದ ಜೊತೆ ಸುಣ್ಣ ಬೆರೆಸುವುದು ಇದೇ ಗುಣದ ಮೇಲೆ. ಯಾವುದೇ ಬಣ್ಣದ ಉಣ್ಣೆಯಾಗಲಿ, ಒದ್ದೆ ಬಿಳಿ ಬಟ್ಟೆಯಲ್ಲಿ ಹತ್ತು ನಿಮಿಷ ಒತ್ತಿಟ್ಟು ಬಣ್ಣ ಬಿಡುವುದೇ ಎಂದು ಪರೀಕ್ಷಿಸದೆ ಧಾರೆ ಸೀರೆಯ ಹತ್ತಿರಕ್ಕೆ ತರಬೇಡಿ. ಬೆವರು ತಗುಲಿದರೆ ಸಾಕು, ರೇಷ್ಮೆ ಅದನ್ನು ಹೀರಿಕೊಂಡುಬಿಡುತ್ತದೆ.

ಮೊಗ್ಗು

ಇನ್ನೂರು ಮೊಗ್ಗು ಬೇಕು. ಕೈ ಪಳಗಿದ ಮೇಲೆ ಒಂದಕ್ಕೆ ಐದು ನಿಮಿಷವಾದರೂ ಒಟ್ಟು ಹದಿನೇಳು ಗಂಟೆಯ ಕೆಲಸ. ಮನೆಯಲ್ಲಿ ನಾಲ್ಕು ಜನ ಕುಳಿತರೆ ಒಂದು ವಾರದ ಸಂಜೆಗಳಲ್ಲಿ ಮುಗಿಯುತ್ತದೆ. ಆದರೆ ಬೇರೆ ಬೇರೆ ಕೈಯ ಮೊಗ್ಗುಗಳನ್ನು ಕೊನೆಯಲ್ಲಿ ಬೆರೆಸಿ ಹೊಲಿಯಬೇಕು, ಇಲ್ಲದಿದ್ದರೆ ಜಡೆಯ ಒಂದೊಂದು ಭಾಗ ಒಂದೊಂದು ಬಗೆ ಕಾಣುತ್ತದೆ.

ಒಂದು ಮೊಗ್ಗಿಗೆ ಬೇಕಾದದ್ದು 0.2 ಗ್ರಾಂ ಉಣ್ಣೆ. ಅಷ್ಟು ಸಣ್ಣ ತೂಕವನ್ನು ಅಡುಗೆಮನೆಯ ತಕ್ಕಡಿ ತೋರಿಸುವುದಿಲ್ಲವಾದ್ದರಿಂದ 4 ಗ್ರಾಂ ತೂಗಿ, ಎರಡು ಪಾಲು, ನಾಲ್ಕು ಪಾಲು, ಪ್ರತಿ ಪಾಲಿನಲ್ಲಿ ಐದೈದು ಎಂದು ಬಿಡಿಸಿ ಇಪ್ಪತ್ತು ಎಸಳು ಮಾಡಿಕೊಳ್ಳಿ. ಮೂರರಲ್ಲಿ ಒಂದು ಪಾಲು ಮೊಗ್ಗುಗಳು ಸ್ವಲ್ಪ ಚಿಕ್ಕವಿರಲಿ. ನಿಜವಾದ ಮಲ್ಲಿಗೆಯ ಮೊಗ್ಗುಗಳೂ ಒಂದೇ ಅಳತೆಯವಾಗಿರುವುದಿಲ್ಲ, ಅಚ್ಚಿನಿಂದ ತೆಗೆದಂತಿದ್ದರೆ ದೂರದಿಂದಲೇ ಪ್ಲಾಸ್ಟಿಕ್ ಎನಿಸುತ್ತದೆ.

ಎಸಳಿನ ಒಂದು ತುದಿಯನ್ನು ಉರಿದು ಮುಗಿದ ಊದುಬತ್ತಿಯ ಕಡ್ಡಿಗೆ ಬಿಗಿಯಾಗಿ ಸುತ್ತುತ್ತಾ ಬನ್ನಿ. ಬುಡದ ಕಡೆ ಹೆಚ್ಚು ಸುತ್ತು, ತುದಿಯ ಕಡೆ ಕಡಿಮೆ. ಸುತ್ತು ಮುಗಿಯುವಾಗ ಕೊನೆಯ ಎಳೆಗಳನ್ನು ದುಂಡು ಭಾಗದ ಮೇಲೆ ಅಡ್ಡಲಾಗಿ ಮಡಚಿ ಮುಚ್ಚಿ, ತೊಟ್ಟಿನ ಕಡೆಗೆ ಎರಡು ಸೆಂ.ಮೀ.ನಷ್ಟು ಬಿಡಿ ಎಳೆಗಳನ್ನು ಹೊರಗುಳಿಸಿ. ಕಡ್ಡಿಯನ್ನು ಎಳೆದು ತೆಗೆದು, ಫೋಮಿನ ಮೇಲಿಟ್ಟು 38ರ ಸೂಜಿಯಿಂದ ಸುತ್ತಲೂ ಹದಿನೈದಿಪ್ಪತ್ತು ಬಾರಿ ಚುಚ್ಚಿ. ಸೂಜಿ ಹೋದ ದಾರಿಯಲ್ಲೇ ಹೊರಬರಬೇಕು; ಒಳಗೆ ಹೋದ ಸೂಜಿಯನ್ನು ಓರೆ ಮಾಡಿದರೆ ಮುರಿಯುತ್ತದೆ. ಮುರಿದ ತುದಿ ಮೊಗ್ಗಿನೊಳಗೆ ಉಳಿದಿರಬಹುದೆಂಬ ಅನುಮಾನವಿದ್ದರೆ ಬಲವಾದ ಅಯಸ್ಕಾಂತ ಹಿಡಿದು ನೋಡಿ, ಸಿಗದಿದ್ದರೆ ಆ ಮೊಗ್ಗನ್ನು ಎಸೆದುಬಿಡಿ. ಮದುಮಗಳ ಕುತ್ತಿಗೆಯ ಹಿಂದೆ ಇರುವ ವಸ್ತುವಿದು.

ಈಗ ನೀರಿನ ಕೆಲಸ. ಮೊಗ್ಗಿನ ದುಂಡು ಭಾಗವನ್ನು ಮಾತ್ರ ಬಿಸಿ ಸೋಪುನೀರಿಗೆ ಅದ್ದಿ. ತೊಟ್ಟಿನ ಬಿಡಿ ಎಳೆಗಳು ಒದ್ದೆಯಾಗಬಾರದು, ಏಕೆಂದರೆ ಬಿಗಿದ ಉಣ್ಣೆಗೆ ಹೊಸ ಉಣ್ಣೆ ಸೇರುವುದಿಲ್ಲ, ಹಸಿರು ತೊಟ್ಟನ್ನು ಅಂಟಿಸಲು ಅವೇ ಆಧಾರ. ಅಂಗೈಯ ನಡುವೆ ಇಟ್ಟು ದೇವರ ದೀಪಕ್ಕೆ ಹೂಬತ್ತಿ ಹೊಸೆಯುವಂತೆ ಹೊಸೆಯಬೇಕು. ಮೊದಲ ಒಂದು ನಿಮಿಷ ತಗುಲಿಯೂ ತಗುಲದಷ್ಟು ಹಗುರವಾಗಿರಲಿ. ಬಹುತೇಕ ಮೊಗ್ಗುಗಳು ಕೆಡುವುದು ಈ ಒಂದು ನಿಮಿಷದ ಅವಸರದಿಂದ: ಒಳಭಾಗ ಇನ್ನೂ ಮೆತ್ತಗಿರುವಾಗ ಹೊರಗಿನಿಂದ ಒತ್ತಿದರೆ ಮೇಲ್ಮೈ ಮಡಿಚಿಕೊಂಡು ಗೆರೆ ಬೀಳುತ್ತದೆ, ಆ ಗೆರೆ ಮುಂದೆ ಎಷ್ಟು ಹೊಸೆದರೂ ಕೂಡುವುದಿಲ್ಲ. ಮೈ ತುಸು ಗಟ್ಟಿಯಾದದ್ದು ಅಂಗೈಗೆ ತಿಳಿದ ಮೇಲೆ ಒತ್ತಡ ಹೆಚ್ಚಿಸುತ್ತಾ, ನೀರು ಆರಿದರೆ ಮತ್ತೆ ಬಿಸಿನೀರಿಗೆ ಅದ್ದುತ್ತಾ, ಕೊನೆಯ ಅರ್ಧ ನಿಮಿಷ ಬಿದಿರಿನ ಚಾಪೆಯ ಮೇಲೆ ಉರುಳಿಸಿ. ಎರಡು ಬೆರಳಿನಿಂದ ಅದುಮಿದರೆ ತಗ್ಗಾಗಬಾರದು. ಉದ್ದ ಸುಮಾರು 2.5 ಸೆಂ.ಮೀ., ದಪ್ಪ 8 ಮಿ.ಮೀ. ಬಂದರೆ ಸರಿ.

ಜಾಲಿಸಿ, ವಿನೆಗರ್ ನೀರಿಗೆ ಅದ್ದಿ ತೆಗೆದು, ಒದ್ದೆಯಿರುವಾಗಲೇ ತುದಿಯನ್ನು ಬೆರಳಿನಲ್ಲಿ ಒಂದು ಸುತ್ತು ತಿರುಚಿ ಮೊನೆ ಮಾಡಿ ನೆರಳಿನಲ್ಲಿ ಒಣಗಿಸಿ. ಪೂರ್ತಿ ಒಣಗಿದ ಮೇಲೆ ತೊಟ್ಟಿನ ಎಳೆಗಳ ಸುತ್ತ ಚಿಟಿಕೆಯಷ್ಟು ಹಸಿರು ಉಣ್ಣೆಯನ್ನು ಸುತ್ತಿ 40ರ ಸೂಜಿಯಿಂದ ಚುಚ್ಚಿ ಕೂರಿಸಿ. ಹಸಿರು ಕಡಿಮೆಯಿದ್ದಷ್ಟೂ ಚೆಂದ. ಮೊಗ್ಗಿನ ಮೇಲೆ ಎದ್ದ ಬಿಡಿ ಎಳೆಗಳನ್ನು ಚೂಪು ಕತ್ತರಿಯಿಂದ ಸವರಿಬಿಡಿ.

ಕನಕಾಂಬರ ಮತ್ತು ಕೋಟಿನ ಹೂವು

ಬಿಳಿಯ ನಡುವೆ ಕನಕಾಂಬರದ ಸಾಲು ಇಲ್ಲದಿದ್ದರೆ ಮೊಗ್ಗಿನ ಜಡೆ ಎದ್ದು ಕಾಣುವುದಿಲ್ಲ. ಇದಕ್ಕೆ ಕಿತ್ತಳೆ ಉಣ್ಣೆಯ ತೆಳ್ಳಗಿನ ಹಾಳೆಯನ್ನು ಅರೆಫೆಲ್ಟ್ ಹಂತದವರೆಗೆ ಮಾತ್ರ ತಂದು, ಒಣಗಿಸಿ, ಕತ್ತರಿಯಿಂದ ಹೂವು ಕತ್ತರಿಸಬೇಕು. ಕನಕಾಂಬರಕ್ಕೆ ಸುತ್ತಲೂ ದಳಗಳಿಲ್ಲ; ಒಂದೇ ಪಕ್ಕಕ್ಕೆ ಹರಡಿದ ಐದು ಎಸಳು, ಅದರ ಕೆಳಗೆ ಉದ್ದನೆಯ ಕೊಳವೆ. ಆ ಓರೆತನವನ್ನು ಬಿಟ್ಟು ದುಂಡಗೆ ಕತ್ತರಿಸಿದರೆ ಬರೀ ಕಿತ್ತಳೆ ಹೂವಾಗುತ್ತದೆಯೇ ಹೊರತು ಕನಕಾಂಬರವಾಗುವುದಿಲ್ಲ. 4 ಸೆಂ.ಮೀ. ಅಗಲಕ್ಕೆ ಕತ್ತರಿಸಿ, ಕೆಳತುದಿಯನ್ನು ಕೊಳವೆಯಾಗಿ ಹೊಸೆದು, ಬಿಸಿ ಸೋಪುನೀರಿನಲ್ಲಿ ಎಸಳುಗಳ ಅಂಚನ್ನು ಒಂದೊಂದಾಗಿ ಬೆರಳಿನಿಂದ ಉಜ್ಜಿ. ಕತ್ತರಿಸಿದ ಅಂಚಿನ ಎಳೆಗಳು ಮತ್ತೆ ಸಿಕ್ಕಿಕೊಂಡು ನುಣುಪಾಗುತ್ತವೆ, ಹೂವೂ 2.5 ಸೆಂ.ಮೀ.ಗೆ ಇಳಿಯುತ್ತದೆ. ಒಂದು ಜಡೆಗೆ ನಲವತ್ತು ಹೂವು ಬೇಕು.

ವರನ ಕೋಟಿಗೋ ಶೇರ್ವಾನಿಗೋ ಸಿಕ್ಕಿಸುವ ಹೂವಿಗೆ ಐದು ಮೊಗ್ಗು, ಮೂರು ಕನಕಾಂಬರ, ಹಸಿರು ಅರೆಫೆಲ್ಟಿನಲ್ಲಿ ಕತ್ತರಿಸಿ ಬಿಗಿಗೊಳಿಸಿದ ಒಂದು ಎಲೆ ಇವನ್ನು ತೊಟ್ಟಿನಲ್ಲಿ ಸೇರಿಸಿ ಹಸಿರು ದಾರದಿಂದ ಸುತ್ತಿ, ಹಿಂದೆ ಪಿನ್ ಹೊಲಿದರೆ ಸಾಕು. ವಧುವಿನ ಜಡೆಗೂ ಇದಕ್ಕೂ ಒಂದೇ ಹೂವು ಇರುವುದರಿಂದ ಜೋಡಿ ಹೊಂದುತ್ತದೆ.

ಜಡೆಯನ್ನು ಜೋಡಿಸುವುದು

ಆಧಾರಕ್ಕೆ 55 ಸೆಂ.ಮೀ. ಉದ್ದ, ಮೇಲ್ಗಡೆ 7 ಮತ್ತು ಕೆಳಗಡೆ 4 ಸೆಂ.ಮೀ. ಅಗಲದ ಪಟ್ಟಿ ಬೇಕು. ಮದುಮಗಳ ಕೂದಲಿಗೆ ಚೌರಿ ಸೇರಿಸಿ ಜಡೆ ಹಾಕಿ ನಿಜವಾದ ಉದ್ದವನ್ನು ಅಳೆದುಕೊಳ್ಳುವುದು ಉತ್ತಮ. ಬಿಳಿ ಉಣ್ಣೆಯ ಪಟ್ಟಿಯನ್ನು ನಿಮ್ಮ ಗುಣಕದ ಪ್ರಕಾರ ಹರಡಿ ಫೆಲ್ಟ್ ಮಾಡಿ ಕತ್ತರಿಸಿಕೊಳ್ಳಿ. ಫೆಲ್ಟ್ ಒಂದನ್ನೇ ನೆಚ್ಚಿದರೆ ಪಟ್ಟಿ ತಿರುಚಿಕೊಳ್ಳುತ್ತದೆ. ಟೈಲರ್ ಅಂಗಡಿಯಲ್ಲಿ ಕಾಲರಿಗೆ ಬಳಸುವ ಕ್ಯಾನ್ವಾಸನ್ನು ಅದೇ ಅಳತೆಗೆ ಕತ್ತರಿಸಿ ಹಿಂದೆ ಹೊಲಿಯಿರಿ. ಅದರ ಹಿಂದೆ, ಸೀರೆಗೆ ತಾಗುವ ಮಗ್ಗುಲಿಗೆ, ನಯವಾದ ರೇಷ್ಮೆ ಅಥವಾ ಸ್ಯಾಟಿನ್ ಬಟ್ಟೆಯ ಲೈನಿಂಗ್ ಕೊಡಿ. ಉಣ್ಣೆ ನೇರವಾಗಿ ತಾಗಿದರೆ ರವಿಕೆಯ ಕಸೂತಿಗೆ, ಸೀರೆಯ ಜರಿಗೆ ಸಿಕ್ಕಿಕೊಳ್ಳುತ್ತದೆ, ಉಣ್ಣೆ ಒಗ್ಗದವರಿಗೆ ಬೆನ್ನು ತುರಿಸಲೂಬಹುದು. ಲೈನಿಂಗ್ ಹಾಕುವ ಮೊದಲೇ ಹತ್ತು ಸೆಂ.ಮೀ.ಗೆ ಒಂದರಂತೆ ಐದು ಜೊತೆ ಲಾಡಿಗಳನ್ನು ಕ್ಯಾನ್ವಾಸಿಗೆ ಹೊಲಿದಿಟ್ಟರೆ ಜಡೆಗೆ ಕಟ್ಟಲು ಅನುಕೂಲ. ಮದುವೆಯ ಬೆಳಿಗ್ಗೆ ಕೂದಲಿಗೆ ಸೂಜಿ ದಾರದಿಂದ ಹೊಲಿಯುತ್ತಾ ಕೂರಬೇಕಾಗಿಲ್ಲ.

ಹೊಲಿಗೆ ಕೆಳಗಿನಿಂದ ಆರಂಭಿಸಬೇಕು. ಮೊನೆಗಳು ಕೆಳಮುಖವಾಗಿರುವಂತೆ ಮೊಗ್ಗುಗಳನ್ನು ಒಂದು ಸಾಲಿನಲ್ಲಿ ಇಟ್ಟು, ತೊಟ್ಟಿನ ಬಳಿ ಎರಡು, ಹೊಟ್ಟೆಯ ಅಡಿಯಲ್ಲಿ ಒಂದು ಹೊಲಿಗೆ ಹಾಕಿ. ಮುಂದಿನ ಸಾಲು ಹಿಂದಿನ ಸಾಲಿನ ತೊಟ್ಟುಗಳನ್ನು ಮುಚ್ಚುವಂತೆ 1.8 ಸೆಂ.ಮೀ. ಮೇಲಕ್ಕೆ ಬರಲಿ. ಕೆಳಗೆ ಸಾಲಿಗೆ ಐದು, ಮೇಲೆ ಹೋದಂತೆ ಎಂಟರವರೆಗೆ ಹಿಡಿಯುತ್ತವೆ. ನಾಲ್ಕೈದು ಸಾಲಿಗೊಮ್ಮೆ ಮೊಗ್ಗಿನ ಬದಲು ಕನಕಾಂಬರದ ಸಾಲು ಬರಲಿ. ನಿಜವಾದ ಮೊಗ್ಗಿನ ಜಡೆಯಲ್ಲಿ ವಜ್ರಾಕಾರ, ಗರಿಯಾಕಾರದ ವಿನ್ಯಾಸಗಳನ್ನು ಮಾಡುವವರಿದ್ದಾರೆ. ಮೊದಲ ಜಡೆಗೆ ನೇರ ಸಾಲೇ ಸಾಕೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಉಣ್ಣೆಯ ಮೊಗ್ಗು ನಿಜವಾದದ್ದಕ್ಕಿಂತ ತುಸು ದಪ್ಪ, ಸೂಕ್ಷ್ಮ ವಿನ್ಯಾಸ ಅದರಲ್ಲಿ ಬಿಡಿಸಿ ಕಾಣುವುದಿಲ್ಲ. ಸಾಲುಗಳ ನಡುವೆ ತೆಳ್ಳನೆಯ ಜರಿ ಹುರಿ ಇಟ್ಟರೆ ಬೇರೆ ಅಲಂಕಾರ ಬೇಕಾಗುವುದಿಲ್ಲ. ಜಡೆಬಿಲ್ಲೆ ಧರಿಸುವುದಾದರೆ ಮೇಲಿನ 5 ಸೆಂ.ಮೀ. ಜಾಗವನ್ನು ಖಾಲಿ ಬಿಡಿ. ಕೆಳಗೆ ಕುಚ್ಚು ಮನೆಯದೇ ಇದ್ದರೆ ಅದನ್ನೇ ಸೇರಿಸಿ. ಇಷ್ಟಾದರೂ ಜಡೆಯ ತೂಕ, ಕುಚ್ಚು ಬಿಟ್ಟು, 120 ಗ್ರಾಂ ಮೀರಬಾರದು; ಮೀರಿದರೆ ಕ್ಯಾನ್ವಾಸ್ ದಪ್ಪದ್ದು ಎಂದು ತಿಳಿಯಿರಿ.

ಕಂಕಣದ ಹುರಿ, ತಾಂಬೂಲದ ಚೀಲ

ಹುರಿ ಅತ್ಯಂತ ಸುಲಭ. ಎರಡು ಗ್ರಾಂ ಉಣ್ಣೆಯನ್ನು 45 ಸೆಂ.ಮೀ. ಉದ್ದಕ್ಕೆ ಎಳೆದು, ಬಿಸಿ ಸೋಪುನೀರು ಚಿಮುಕಿಸಿ, ಚಾಪೆಯ ಮೇಲೆ ಗಟ್ಟಿಯಾಗುವವರೆಗೆ ಅಂಗೈಯಿಂದ ಉರುಳಿಸುವುದಷ್ಟೇ. ಅರಿಶಿನದ ಕೊಂಬು ಕಟ್ಟುವವರು ಹುರಿಯ ನಡುವೆ ಎಳೆಗಳನ್ನು ಬಿಡಿಸಿ ಕೊಂಬನ್ನು ಇಟ್ಟು ಫೆಲ್ಟ್ ಮಾಡಲು ಹೋಗಬೇಡಿ, ಅರಿಶಿನ ಬಿಡುತ್ತದೆ. ಒಣಗಿದ ಮೇಲೆ ದಾರದಿಂದ ಕಟ್ಟಿ. ಶಾಸ್ತ್ರಕ್ಕೆ ಹತ್ತಿಯ ದಾರವೇ ಆಗಬೇಕೆಂಬ ಮನೆಗಳಲ್ಲಿ ಉಣ್ಣೆಯ ಹುರಿಯನ್ನು ಬಂದವರಿಗೆ ಕಟ್ಟುವ ಅಲಂಕಾರದ ಎಳೆಯಾಗಿ ಬಳಸಬಹುದು, ಪುರೋಹಿತರನ್ನು ಮೊದಲೇ ಕೇಳಿಕೊಂಡರೆ ಮಂಟಪದಲ್ಲಿ ಚರ್ಚೆಯಾಗುವುದಿಲ್ಲ.

ಚೀಲಕ್ಕೆ ಹೊಲಿಗೆಯೇ ಇಲ್ಲ. ಮುಗಿದ ಅಳತೆ 16×14 ಸೆಂ.ಮೀ. ಬೇಕಾದರೆ 0.65ರ ಗುಣಕಕ್ಕೆ ಸುಮಾರು 25×22 ಸೆಂ.ಮೀ. ಪ್ಲಾಸ್ಟಿಕ್ ಹಾಳೆಯನ್ನು ಕತ್ತರಿಸಿ. ಅದರ ಒಂದು ಮಗ್ಗುಲಲ್ಲಿ 10 ಗ್ರಾಂ ಉಣ್ಣೆಯನ್ನು ಉದ್ದಕ್ಕೂ ಅಡ್ಡಕ್ಕೂ, ಹಾಳೆಯ ಅಂಚಿನಿಂದ ಎರಡು ಸೆಂ.ಮೀ. ಹೊರಚಾಚುವಂತೆ ಹರಡಿ, ಒದ್ದೆ ಮಾಡಿ, ಮಗುಚಿ, ಚಾಚಿದ ಅಂಚುಗಳನ್ನು ಒಳಕ್ಕೆ ಮಡಚಿ, ಎರಡನೆಯ ಮಗ್ಗುಲಿಗೂ ಹಾಗೆಯೇ ಮಾಡಬೇಕು. ಉಜ್ಜಿ ಅರೆಫೆಲ್ಟ್ ಆದ ಮೇಲೆ ಮೇಲಂಚನ್ನು ಕತ್ತರಿಸಿ ಪ್ಲಾಸ್ಟಿಕ್ಕನ್ನು ಹೊರತೆಗೆದು, ಅಂಚುಗಳನ್ನು ಒಳಗಿನಿಂದ ಬೆರಳಿಟ್ಟು ಉಜ್ಜಿ, ನಂತರ ಉರುಳಿಸಿ. ಅಂಚು ಉಜ್ಜದೆ ಬಿಟ್ಟರೆ ಅಲ್ಲಿ ಏಣು ನಿಲ್ಲುತ್ತದೆ. ವೀಳ್ಯದೆಲೆಯ ತೇವ ತಗುಲದಂತೆ ಒಳಗೆ ಬಾಳೆಲೆಯ ತುಂಡು ಹಾಕಿ ಎಲೆ ಅಡಿಕೆ ಇಡಬಹುದು. ನೂರಾರು ಅತಿಥಿಗಳಿಗೆ ಹಂಚುವ ತಾಂಬೂಲಕ್ಕೆ ಇದು ಹೇಳಿ ಮಾಡಿಸಿದ್ದಲ್ಲ. ಬೀಗರಿಗೆ, ಸೋದರಮಾವನಿಗೆ ಕೊಡಲು ಸರಿ.

ಮದುವೆಯ ದಿನ ಮತ್ತು ಆಮೇಲೆ

ಅರಿಶಿನ ಶಾಸ್ತ್ರಕ್ಕೆ ಈ ಜಡೆಯನ್ನು ಹಾಕಬೇಡಿ. ಬಿಳಿ ಉಣ್ಣೆಗೆ ಹತ್ತಿದ ಅರಿಶಿನ, ಕುಂಕುಮ ಹೋಗುವುದಿಲ್ಲ. ಹೂವಿನ ಎಣ್ಣೆ, ಸುಗಂಧ ದ್ರವ್ಯ ಸಿಂಪಡಿಸುವುದೂ ಬೇಡ. ಹೋಮದ ಹತ್ತಿರ ಕೂರುವ ವಧುವಿಗೆ ಉಣ್ಣೆ ಒಂದು ರೀತಿಯಲ್ಲಿ ಅನುಕೂಲವೇ, ಏಕೆಂದರೆ ಅದು ಸಿಂಥೆಟಿಕ್ ಹೂವಿನಂತೆ ಕಿಡಿಗೆ ಹೊತ್ತಿಕೊಂಡು ಕರಗಿ ಅಂಟುವುದಿಲ್ಲ. ವೈಶಾಖದ ಸೆಖೆಯಲ್ಲಿ ಉಣ್ಣೆಯೇ ಎಂದು ಅಳುಕುವವರಿಗೆ: ಜಡೆ ಸೀರೆಯ ಮೇಲೆ ಇಳಿಬಿಡುವುದರಿಂದ ಸೆಖೆ ತಿಳಿಯುವುದಿಲ್ಲ, ಆದರೆ ಕುತ್ತಿಗೆಗೆ ಸುತ್ತುವ ಉಣ್ಣೆಯ ಹಾರವನ್ನೋ ಶಾಲನ್ನೋ ಆ ತಿಂಗಳಲ್ಲಿ ಮಾಡಲು ಹೊರಡಬೇಡಿ.

ತೊಂದರೆ ಕೊಡುವುದು ಅಕ್ಷತೆ. ತುಪ್ಪ, ಅರಿಶಿನ ಸವರಿದ ಅಕ್ಕಿಕಾಳು ಮೊಗ್ಗುಗಳ ಸಂದಿಗೆ ಬಿದ್ದರೆ ಅಲ್ಲಿಯೇ ಕೂರುತ್ತದೆ. ಉಜ್ಜಿ ತೆಗೆಯಬಾರದು, ಜಡೆಯನ್ನು ಮಗುಚಿ ಹಿಡಿದು ಹಿಂದಿನಿಂದ ತಟ್ಟಿ, ಉಳಿದದ್ದನ್ನು ಚಿಮಟದಿಂದ ಹೆಕ್ಕಬೇಕು. ಕಲೆಯಾದ ಮೊಗ್ಗನ್ನು ಬಿಚ್ಚಿ ಬದಲಿಸುವುದೇ ಸುಲಭವಾದ್ದರಿಂದ ಹತ್ತು ಹದಿನೈದು ಮೊಗ್ಗುಗಳನ್ನು, ಸೂಜಿ, ಬಿಳಿ ದಾರದ ಸಮೇತ, ವಧುವಿನ ಕೋಣೆಯಲ್ಲಿ ಹೆಚ್ಚಿಗೆ ಇಟ್ಟಿರಿ.

ಮದುವೆಯ ಮರುದಿನ ಜಡೆಯನ್ನು ನೆರಳಿನಲ್ಲಿ ಒಂದು ದಿನ ಗಾಳಿಗೆ ಹರಡಿ, ಬೆವರಿನ ತೇವ ಪೂರ್ತಿ ಆರಿದ ಮೇಲೆ ಬಿಳಿ ಪಂಚೆಯ ತುಂಡಿನಲ್ಲಿ ಸುತ್ತಿ ಜಿಪ್ ಕವರಿಗೆ ಹಾಕಿ ಗಾಳಿಯಾಡದಂತೆ ಮುಚ್ಚಿಡಿ. ಉಣ್ಣೆ ತಿನ್ನುವ ಹುಳು ಬೆವರು, ಎಣ್ಣೆ ತಗುಲಿದ ಭಾಗವನ್ನೇ ಮೊದಲು ಹುಡುಕುತ್ತದೆ. ವರ್ಷಕ್ಕೆ ಎರಡು ಬಾರಿ ತೆಗೆದು ಕೊಡವಿ ನೋಡಿ. ಮಡಿಕೆಗಳಲ್ಲಿ ಸಣ್ಣ ಬಿಳಿ ಗೂಡು ಕಂಡರೆ ಕವರಿನ ಸಮೇತ ಫ್ರೀಜರಿನಲ್ಲಿ ಒಂದು ವಾರ ಇಟ್ಟು, ಹೊರತೆಗೆದು ಒಣಗಿಸಿ, ಹುಳು ತಿಂದ ಮೊಗ್ಗುಗಳನ್ನು ಮಾತ್ರ ಬದಲಿಸಿ.